ತೊಟ್ಟಿಲ ಮೇಲೆ ಹಾರಬೇಕಿದ್ದ ಡ್ರೋನ್

ಈಗ ನಾಮಕರಣಕ್ಕೂ ಡ್ರೋನ್ ಬೇಕು. ಮೇಲಿನಿಂದ ವಿಡಿಯೊ ತೆಗೆಯದಿದ್ದರೆ ಮಗುವಿಗೆ ಹೆಸರೇ ಇಟ್ಟಂತಾಗುವುದಿಲ್ಲ. ಆದರೆ ಅದರ ರೆಕ್ಕೆ, ಅಂದರೆ ಪ್ರೊಪೆಲರ್, ಭದ್ರವಾಗಿ ಕೂತಿದೆಯೇ ಎಂದು ನೋಡುವವರು ಎಷ್ಟು ಜನ?

ಭದ್ರಾವತಿಯ ಫೋಟೊಗ್ರಾಫರ್ ಜ್ಞಾನೇಶ್ ನೋಡಿರಲಿಲ್ಲ. ಅವತ್ತು ಕಾಗದನಗರದಲ್ಲಿ ಅವನ ಅಕ್ಕ ಸುಮನಾಳ ಮಗಳ ನಾಮಕರಣ. ಪೇಪರ್ ಮಿಲ್ ಕ್ವಾರ್ಟರ್ಸ್‌ನ ಅವಳ ಮನೆ ಮುಂದೆ ಹೂವಿನ ತೊಟ್ಟಿಲು ಕಟ್ಟಿದ್ದರು. ಡ್ರೋನನ್ನು ಸರಿಯಾಗಿ ಅದರ ಮೇಲೆಯೇ ನಿಲ್ಲಿಸಬೇಕೆಂದು ಸೋದರಮಾವನ ಆಸೆ.

ಮದುವೆಗಳಲ್ಲಿ ಅವನ ಜೊತೆ ವಿಡಿಯೊ ತೆಗೆಯುವ ಸಫೂರಾ ಶಿವಮೊಗ್ಗದಿಂದ ಬಂದಿದ್ದಳು. ಸುಮ್ಮನೆ ಡ್ರೋನ್ ಎತ್ತಿಕೊಂಡು ಒಂದೊಂದೇ ರೆಕ್ಕೆ ಅಲ್ಲಾಡಿಸಿದಳು. ಒಂದು ಲೊಡಲೊಡ ಎಂದಿತು. ಅದು ಕೂರುವ ಜಾಗದಲ್ಲಿ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಸುತ್ತ ದಾರ ಬೇರೆ.

ಆಯುಧಪೂಜೆಯಲ್ಲಿ ಜ್ಞಾನೇಶನ ತಾಯಿ ದಾಕ್ಷಾಯಣಮ್ಮ ನಾಲ್ಕೂ ಮೋಟರಿಗೆ ಕಲಸಿದ ಕುಂಕುಮವನ್ನು ಧಾರಾಳವಾಗಿ ಹಚ್ಚಿದ್ದರು. ಆಮೇಲೆ ಒಂದು ರೆಕ್ಕೆ ಸಡಿಲವಾದಾಗ ಮಗರಾಯ ದಾರ ಸುತ್ತಿ ಬಿಗಿ ಮಾಡಿದ್ದ. ಪೂಜೆ ಆದ ವಸ್ತುವಿಗೆ ಏನೂ ಆಗುವುದಿಲ್ಲ ಎಂದು ತಾಯಿಯ ವಾದ. ಹೀಗೇ ಎಷ್ಟೋ ಮದುವೆ ಮುಗಿಸಿದ್ದೇನೆ ಎಂದು ಮಗನ ವಾದ.

“ಪೂಜೆ ಮಾಡಿದ್ದು ತಪ್ಪಲ್ಲಮ್ಮ. ಕುಂಕುಮ ಲಾಕ್ ಒಳಗೆ ಹೋದ್ರೆ ರೆಕ್ಕೆ ಪೂರ್ತಿ ಕೂರಲ್ಲ, ಅಷ್ಟೆ,” ಎಂದಳು ಸಫೂರಾ. “ಇವತ್ತು ಹಾರಿಸ್ಬೇಡ ಮಾರಾಯ. ಕೆಳಗೆ ಪಾಪು ಇರುತ್ತೆ.”

ಜ್ಞಾನೇಶ್ ಕೇಳಲಿಲ್ಲ. ಹಾರಿಸಿ ತೋರಿಸುತ್ತೇನೆ ಎಂದು ಹಠ ಹಿಡಿದ. ಹಾಗಾದರೆ ಜನರಿಲ್ಲದ ಕಡೆ ಹೋಗು ಎಂದು ಸಫೂರಾ ಅವನನ್ನು ಆಚೆ ಬಯಲಿಗೆ ಕಳಿಸಿ, ಎಲ್ಲರನ್ನೂ ದೂರ ನಿಲ್ಲಿಸಿದಳು. ಡ್ರೋನ್ ಆಳೆತ್ತರ ಏರಿತು. ಟಪ್ಪೆಂದು ರೆಕ್ಕೆ ಕಳಚಿ ಹಾರಿತು. ಡ್ರೋನ್ ಮಗುಚಿ ನೆಲಕ್ಕೆ ಬಿತ್ತು. ದಾಕ್ಷಾಯಣಮ್ಮ ಅದನ್ನು ನೋಡಿದರು, ತಿರುಗಿ ತೊಟ್ಟಿಲನ್ನು ನೋಡಿದರು.

ನಾಮಕರಣದ ವಿಡಿಯೊವನ್ನು ಜ್ಞಾನೇಶ್ ಮಹಡಿ ಮೆಟ್ಟಿಲ ಮೇಲೆ ನಿಂತು ಕೈಕ್ಯಾಮೆರಾದಲ್ಲೇ ತೆಗೆದ. ಊಟವಾದ ಮೇಲೆ ಸಫೂರಾಳ ಪಕ್ಕ ಕೂತು ರಿಪೇರಿ ಕಲಿತ. ಮೊದಲು ಬ್ಯಾಟರಿ ತೆಗೆದರು. ರೆಕ್ಕೆಗಳನ್ನು ಬಿಚ್ಚಿ, ದಾರ ಕಿತ್ತು, ಒಣ ಬ್ರಶ್ಶಿನಿಂದ ಕುಂಕುಮ ತೆಗೆದರು. ಬಿರುಕು ಬಿಟ್ಟ ರೆಕ್ಕೆಯನ್ನು ಬಿಸಾಡಿ ಹೊಸದು ತೆಗೆದರು. ಗುರುತಿರುವ ರೆಕ್ಕೆಯನ್ನು ಗುರುತಿರುವ ಮೋಟರಿಗೇ, ಗುರುತಿಲ್ಲದ್ದನ್ನು ಗುರುತಿಲ್ಲದ ಮೋಟರಿಗೇ ಇಟ್ಟು, ಒತ್ತಿ ತಿರುಗಿಸಿ, ಮೆಲ್ಲಗೆ ಎಳೆದು ನೋಡಿದರು. ಒಂದು ಮೋಟರಿನ ಲಾಕ್ ಸವೆದಿತ್ತು. ಅದು ಸರ್ವಿಸ್ ಆಗಿ ಬರುವವರೆಗೆ ಹಾರಿಸಕೂಡದು ಎಂದಳು ಸಫೂರಾ. ಜ್ಞಾನೇಶ್ ಡ್ರೋನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಹೊರಟು ನಿಂತ ಸಫೂರಾಳನ್ನು ದಾಕ್ಷಾಯಣಮ್ಮ ತೊಟ್ಟಿಲ ಹತ್ತಿರ ಕರೆದೊಯ್ದು ಹಗ್ಗವನ್ನು ಅವಳ ಕೈಗೆ ಕೊಟ್ಟರು.

“ನೀನೊಂದ್ಸಲ ತೂಗಮ್ಮ. ಈ ಕೂಸು ನಗ್ತಾ ಇರೋದು ನಿನ್ನಿಂದ. ಮುಂದಿನ ಆಯುಧಪೂಜೆಗೆ ಕುಂಕುಮ ಡ್ರೋನ್ ಪೆಟ್ಟಿಗೆಗೆ ಹಚ್ತೀನಿ.”

ಡ್ರೋನ್ ಹಾರಿಸುವ ಅಣ್ಣಂದಿರೇ, ಅಕ್ಕಂದಿರೇ, ಪ್ರತಿ ಸಲ ಬ್ಯಾಟರಿ ಹಾಕುವ ಮುಂಚೆ ನಾಲ್ಕೂ ರೆಕ್ಕೆ ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ದಾರ, ಟೇಪು, ಅಂಟಿನ ಉಪಾಯ ಬೇಡ. ಶುಚಿ ಮಾಡಿ, ಸರಿಯಾಗಿ ಕೂರಿಸಿ. ಆಗದಿದ್ದರೆ ಸರ್ವಿಸ್‌ಗೆ ಕೊಡಿ. ಜನರ ತಲೆಯ ಮೇಲೆ ಮಾತ್ರ ಎಂದೂ ಹಾರಿಸಬೇಡಿ. ಕೆಳಗಿರುವುದು ಯಾರದೋ ಮನೆಯ ಮಗು.