ಬರಿ ಕುಲಾವಿ

ಮತ್ತೆ ಕತ್ತಲಾಯಿತು ಈ ಮೊಬೈಲು, ಒಪ್ಪಿದ್ದೇನೆ ಅನ್ನುವ ಹಸಿರು ಗುಂಡಿಯ ಹತ್ತಿರ ಬೆರಳು ತರುವಷ್ಟರಲ್ಲಿ ಆರಿಹೋಗುತ್ತದೆ, ಇದಕ್ಕೂ ನನ್ನ ಹಾಗೇ ಧೈರ್ಯ ಸಾಲದು — ಯಾರ ಮನೆಯದೋ ಒಗ್ಗರಣೆ, ಸಾಸಿವೆ ಸಿಡಿದ ವಾಸನೆ, ಉಸಿರು ಬಿಗಿಹಿಡಿ ರೂಪಾ, ಅತ್ತೆ ಎದುರಿಗೇ ಕೂತಿದ್ದಾರೆ, ಬಾಗಿಲ ಬೆಳಕಿಗೆ ಸೂಜಿ ಎತ್ತಿ ದಾರ ಪೋಣಿಸುತ್ತ, ಕಣ್ಣು ಸೂಜಿಯ ಮೇಲೆ, ಕಿವಿ ಮಾತ್ರ ನನ್ನ ಮೇಲೆ. ಇಡೀ ರಾವಂದೂರಿನಲ್ಲಿ ಸಾಕಮ್ಮನ ಕಿವಿಗೆ ಬೀಳದ ಸುದ್ದಿ ಯಾವುದಿದೆ, ಆದರೂ ಇದೊಂದು ಬಿದ್ದಿಲ್ಲ, ಬೀಳಬಾರದು, ಮೂರು ತಿಂಗಳು ತುಂಬಲಿ, ಅಲ್ಲಿಯವರೆಗೆ ಅವನ ಅಮ್ಮನಿಗೂ ಹೇಳಕೂಡದು ಅಂತ ಗಂಡನ ಬಾಯಿಗೆ ಬೀಗ ಹಾಕಿದ್ದೇನೆ, ಬೀಗ ಹಾಕಿಸಿಕೊಂಡ ಆ ಕಾಂತರಾಜು ಮುಖದ ತುಂಬ ನಗು ಹರಡಿಕೊಂಡು ಓಡಾಡುತ್ತಾನೆ, ಪೆದ್ದ, ನನ್ನ ಮುದ್ದು ಪೆದ್ದ. ಬಗ್ಗಬೇಡಿ, ಭಾರ ಎತ್ತಬೇಡಿ, ಬಸ್ಸು ಆಟೊ ಏನೂ ಬೇಡ, ಹಿಂದಿನ ಸಲ ಆದದ್ದು ನೆನಪಿದೆಯಲ್ಲ ಅಂದರು ಡಾಕ್ಟರು — ನೆನಪಿದೆಯಲ್ಲ ಅಂತೆ, ಮರೆಯುವುದು ಹೇಗೆ ಅಂತ ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಹಾಗಾದರೆ ಅಂಗಡಿಯ ಗತಿ? ಅಂಗಡಿ ಅಂದರೆ ಬೋರ್ಡಿಲ್ಲ, ಬಾಗಿಲಿಲ್ಲ, ಇದೇ ಮೊಬೈಲಿನೊಳಗೆ ಇರುವುದು, ಮಾರುವುದು ಅತ್ತೆ ಹೊಲಿದ ಕುಲಾವಿ, ಹಸುಗೂಸಿನ ತಲೆಗೆ ಕಟ್ಟುವಂಥದು, ಫೋಟೊ ಹಾಕುವುದು ನಾನು, ಬೆಲೆ ಇಡುವುದು ನಾನು, ಕಿವಿ ಮುಚ್ಚುತ್ತಾ, ಬಣ್ಣ ಬಿಡುತ್ತಾ ಅನ್ನುವವರಿಗೆಲ್ಲ ಉತ್ತರ ಕೊಡುವುದು ನಾನು, ಡಬ್ಬಗಳನ್ನು ಹೊತ್ತು ಬಸ್ಸು ಹತ್ತಿ ಪಿರಿಯಾಪಟ್ಟಣದ ಕೊರಿಯರಿಗೆ ಕೊಟ್ಟು ಬರುವುದೂ ನಾನು. ಅದೆಲ್ಲ ಇನ್ನು ನಮಗೆ ಬಿಡಿ ಮೇಡಂ ಅಂತ ಕಂಪನಿಯ ಹುಡುಗಿ ಶಾಂತಲಾ ಫೋನಿನಲ್ಲಿ ಎಷ್ಟು ಇಂಪಾಗಿ ಹೇಳಿದಳು, ಮಾಲೆಲ್ಲ ಒಟ್ಟಿಗೆ ನಮ್ಮ ಗೋಡೌನಿಗೆ ಕೊಟ್ಬಿಡಿ, ವ್ಯಾನು ಮನೆ ಬಾಗಿಲಿಗೇ ಬರುತ್ತೆ, ಬೆಲೆ, ಪ್ಯಾಕಿಂಗು, ಗಿರಾಕಿ, ವಾಪಸ್ ಬಂದದ್ದು, ಪೂರ್ತಿ ನಾವೇ ನೋಡ್ಕೊಳ್ತೀವಿ, ಆದ್ರೆ ಮೇಡಂ, ನೀವು ಕಳಿಸಿದ ಸ್ಯಾಂಪಲ್ ಒಳಗೆ ಅಕ್ಕಿ ಗಂಟಿತ್ತಲ್ಲ. ಇತ್ತು. ಇರುತ್ತದೆ. ಅದಿದ್ರೆ ಮಾಲು ತಗೊಳ್ಳಲ್ಲ ಮೇಡಂ, ಹುಳ ಬೀಳುತ್ತೆ, ತೆಗೆದು ಕಳಿಸಿ.

ತೆಗೆದು ಕಳಿಸಿ ಅಂತೆ, ಬಂದು ಸಾಕಮ್ಮನಿಗೆ ನೀನೇ ಹೇಳು ತಾಯಿ. ಖಾಲಿ ತೊಟ್ಟಿಲು ತೂಗಬಾರದಲ್ಲ, ಹಾಗೆ ಬರಿ ಕುಲಾವಿ ಹೊಸಿಲು ದಾಟಬಾರದು, ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಟ್ಟರೆ ತಲೆ ಇದ್ದ ಹಾಗೆ, ಇದು ಅತ್ತೆಯ ಕಾನೂನು. ಮೊದಲು ಇಂಥ ಕಾನೂನೇನೂ ಇರಲಿಲ್ಲ, ಹೊಲಿದು ಹೊಲಿದು ಗುಡ್ಡೆ ಹಾಕುತ್ತಿದ್ದರು, ಬೈಲಕುಪ್ಪೆಯ ಅಂಗಡಿಗೆ ಚೀಲಕ್ಕೆ ತುರುಕಿ ಕೊಟ್ಟು ಬರುತ್ತಿದ್ದೆವು, ಆಮೇಲೆ ಹೋದ ವರ್ಷ ನಾನು ಐದು ತಿಂಗಳಿಗೇ ಹುಣಸೂರಿನ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದೆ, ಅತ್ತೆ ಬಿಸಿನೀರು ಹುಯ್ದರು, ತಲೆಗೆ ಬಟ್ಟೆ ಕಟ್ಟಿದರು, ತುತ್ತು ಮಾಡಿ ಬಾಯಿಗಿಟ್ಟರು, ಕೆಲವು ದಿನ ಕಳೆದು ನೋಡಿದರೆ ಒಂದೊಂದು ಕುಲಾವಿಯೊಳಗೂ ಒಂದೊಂದು ಗಂಟು. ನಾನು ಬಿ.ಕಾಂ. ಓದಿದವಳು, ನಗಾಡಿದೆ, ಇದೇನತ್ತೆ, ಗಿರಾಕಿ ಅನ್ನ ಮಾಡ್ಕೊಂಡು ಉಣ್ಣಲಿ ಅಂತಾನಾ ಅಂದೆ, ಉಣ್ಲಿ ಬುಡು, ಬಾಣಂತಿ ತಾನೆ ಅಂದರು, ಅವರೂ ನಕ್ಕರು, ನಗುತ್ತ ಆ ಕಡೆ ತಿರುಗಿಕೊಂಡರು. ಇವತ್ತು ಬೆಳಿಗ್ಗೆ ಅವರು ಹಾಲು ತರಲು ಹೋದಾಗ ಒಂದು ಗಂಟು ತೆಗೆದು ನೋಡಿದೆ, ನನಗೇನು ನಂಬಿಕೆಯೇ ಮಣ್ಣೇ, ತೆಗೆದರೆ ಕುಲಾವಿ ನೆತ್ತಿಯಿಂದ ಕುಸಿದು ಅಂಗೈ ಮೇಲೆ ಮಲಗಿಬಿಟ್ಟಿತು, ಥೂ, ತಕ್ಷಣ ಗಂಟನ್ನು ಒಳಗೆ ತುರುಕಿದೆ, ನಂಬದವಳಿಗೆ ಇಷ್ಟು ಅವಸರ ಯಾಕೆ? ಒಪ್ಪಿದರೆ ಗೋಡೌನಿನಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಯಾರೋ ಕೊಳ್ಳುವವರೆಗೆ ಬರಿದಾಗಿ, ಯಾವ ಮಗುವಿಗೆ ಅಂತ ನಮಗೆ ಗೊತ್ತೂ ಆಗುವುದಿಲ್ಲ, ಒಪ್ಪದಿದ್ದರೆ ಮತ್ತೆ ಅದೇ ಡಬ್ಬ, ಅದೇ ಬಸ್ಸು, ಅದೇ ಆಸ್ಪತ್ರೆ — ಬೇಡ, ಅದು ಬೇಡ, ಬೇರೆ ಏನಾದರೂ ಯೋಚಿಸು. ಅಂಗಡಿಯನ್ನೇ ಮುಚ್ಚಿಬಿಟ್ಟರೆ? ಸೂಜಿ ಕಿತ್ತುಕೊಂಡರೆ ಅತ್ತೆ ಇಡೀ ದಿನ ಗೋಡೆ ನೋಡುತ್ತ ಕೂರುತ್ತಾರೆ, ಅದನ್ನು ನನ್ನ ಕೈಲಿ ನೋಡಲಾಗುವುದಿಲ್ಲ.

ಏನಮ್ಮಿ, ಅಂಗೇ ಮೊಬೈಲ್ ನೋಡ್ಕಂಡ್ ಕುಂತಿದ್ದೀಯ. ಏನಿಲ್ಲ ಅತ್ತೆ. ಏನಿಲ್ದೆ ಯಾಕಂಗೆ ಬೆವರ್ತೀಯ. ಕಂಪನಿಯವರು ಮಾಲೆಲ್ಲ ಅವರೇ ತಗೊಂಡು ಅವರೇ ಮಾರ್ತಾರಂತೆ ಅತ್ತೆ, ಆದ್ರೆ ಅಕ್ಕಿ ಬೇಡ್ವಂತೆ. ಹೇಳಿಬಿಟ್ಟೆ, ಬಾಯಿಂದ ಹೋಯಿತು, ಸೂಜಿ ನಿಂತಿತು. ಹೊಗೆಸೊಪ್ಪು ಹೇರಿದ ಟ್ರ್ಯಾಕ್ಟರು ರಸ್ತೆಯಲ್ಲಿ ಹೋಗುತ್ತಿದೆ, ಆ ಸದ್ದು ಮುಗಿಯದೇ ಇರಲಿ, ಮುಗಿದರೆ ಅತ್ತೆ ಬೈಯುತ್ತಾರೆ, ಮುಗಿಯಿತು, ಬೈಯಲಿಲ್ಲ. ಒತ್ತು, ಅದೇನ್ ಒತ್ತಬೇಕೋ, ಈಗ ನೀನು ಡಬ್ಬ ಗಿಬ್ಬ ಒರಂಗಿಲ್ಲ ಅಂದರು. ಯಾಕೆ, ನನಗೇನಾಗಿದೆ ಅಂದೆ. ಬಚ್ಚಲ್ಗೋಗಿ ನಲ್ಲಿ ಬುಟ್ಕಂಡು ವಾಂತಿ ಮಾಡುದ್ರೆ ನಂಗೆ ಕೇಳಕಿಲ್ವಾ, ನೀನೇ ಯೋಳ್ಲಿ ಅಂತ ಸುಮ್ಕಿದ್ದೆ ಕಣವ್ವ. ಅಯ್ಯೋ, ಗೊತ್ತಿತ್ತು, ಇಷ್ಟು ದಿನವೂ ಗೊತ್ತಿತ್ತು, ಕಣ್ಣು ತುಂಬಿ ಬರುತ್ತಿದೆ, ಮೂಗು ಸೋರುತ್ತಿದೆ, ಅತ್ತೆ, ಬರಿದು ಹೋಗ್ತಾವಲ್ಲ ಅತ್ತೆ — ನಾನೇ ಅಂದೆನೇ ಇದನ್ನು, ಬಿ.ಕಾಂ. ಓದಿದವಳು? ಬರಿದ್ಯಾಕೋದಾವು, ನಾನಿಲ್ವಾ ಅನ್ನುತ್ತ ಅತ್ತೆ ಕುಲಾವಿಗಳ ಮೂಟೆ ಎಳೆದುಕೊಳ್ಳುತ್ತಾರೆ, ಒಂದರೊಳಗಿನ ಗಂಟು ಬಿಚ್ಚಿ ಅಕ್ಕಿಯನ್ನು ಮೊರಕ್ಕೆ ಸುರಿಯುತ್ತಾರೆ, ಬಲಗೈ ಮುಷ್ಟಿ ಹಿಡಿದು ಕುಲಾವಿಯೊಳಗೆ ತೂರಿಸಿ ಮಣಿಕಟ್ಟಿನವರೆಗೆ ಎಳೆದು, ಮಗುವಿಗೆ ಕಟ್ಟುವ ಹಾಗೆ ಲಾಡಿ ಕಟ್ಟಿ, ಮುತ್ತಿಡುತ್ತಾರೆ, ಆಯ್ತು, ಇದು ಇನ್ನು ಬರಿದಲ್ಲ, ಕಳಿಸು, ನಮ್ ಕೂಸ್ಗೆ ಮಾತ್ರ ಈಗ್ಲೇ ಒಲಿಯಕಿಲ್ಲ, ಉಟ್ಲಿ ಮೊದ್ಲು. ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟು ಇನ್ನೊಂದು, ಹಳದಿಯದು, ಮುಷ್ಟಿ, ಲಾಡಿ, ಮುತ್ತು, ಕೆಂಪು ಹೂವಿನದು, ಮುಷ್ಟಿ, ನಾನು ಒತ್ತಿದೆನೇ, ಒತ್ತಿದೆ, ಏನೋ ಟಿಣ್ ಅಂದಿತು, ನೋಡಲಿಲ್ಲ, ಮತ್ತೊಂದು, ನೀಲಿಯದು, ಮುಷ್ಟಿ, ಈ ಸಲ ಮುತ್ತಿಡದೆ ಅತ್ತೆ ನಿಧಾನವಾಗಿ ಕೈ ತಿರುಗಿಸುತ್ತಾರೆ, ಲಾಡಿ ಕಟ್ಟಿಕೊಂಡ ಪುಟ್ಟ ತಲೆ, ಗೆಣ್ಣುಗಳ ಮುಖ, ನನ್ನ ಕಡೆಗೆ, ನನ್ನನ್ನೇ ನೋಡುತ್ತಿದೆ, ಕುಲಾವಿ ತೊಟ್ಟ ಮುಷ್ಟಿ, ಕುಲಾವಿ ತೊಟ್ಟ ಮುಷ್ಟಿ —