ಮುಳುಗಿಸಿದ ಹಾಯಿದೋಣಿ

ಯಳಂದೂರಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಂಡವರ ರವಿಕೆ ಹೊಲಿದ ಕೋಮಲ ತನಗಾಗಿ ಕೊಂಡದ್ದು ಒಂದೇ ವಸ್ತು: ದೂರದ ಅಣೆಕಟ್ಟಿನ ಕ್ಲಬ್ಬೊಂದು ಹರಾಜಿಗಿಟ್ಟಿದ್ದ ಹಳೇ ತೇಗದ ಹಾಯಿದೋಣಿ. ಒಡವೆ ಕೊಂಡಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ದೋಣಿ ಕೊಂಡಳಲ್ಲ, ಅವಳ ಊರು ಹೊನ್ನೂರಿನ ನಾಲಿಗೆಗಳಿಗೆ ಹಬ್ಬವಾಯಿತು.

ಅಗರದಲ್ಲಿ ಎತ್ತಿನಗಾಡಿ ಮಾಡುತ್ತಿದ್ದವರ ಮಗಳು ಅವಳು. ಉಳಿ ಬಾಚಿ ಹೊಸದಲ್ಲ. ಎರಡು ವರ್ಷ ಕೊಟ್ಟಿಗೆಯಲ್ಲಿ ಕೂತು ಕೊಳೆತ ಹಲಗೆ ಬದಲಿಸಿದಳು, ಸಂದುಗಳಿಗೆ ಹತ್ತಿ ತುಂಬಿದಳು, ಹಾಯಿಯನ್ನು ತನ್ನ ಮೆಷಿನ್ನಿನಲ್ಲೇ ಹೊಲಿದಳು. ದೋಣಿ ನಡೆಸುವುದನ್ನು ಕ್ಲಬ್ಬಿನ ಮುದುಕರೊಬ್ಬರಿಂದ ಕಲಿತು ಬಂದಳು. ಗಂಡ ಮೂರ್ತಿಗೆ ಮಾತ್ರ ಆ ತೇಗದಲ್ಲಿ ಕಂಡದ್ದು ಹೊಸ ಮನೆಯ ಬಾಗಿಲು. ಭಾನುವಾರದೊಳಗೆ ದೋಣಿ ತೇಲದಿದ್ದರೆ ಕೊಯ್ಯಿಸಿಬಿಡುತ್ತೇನೆ ಎಂದು ಊರೆದುರಿಗೇ ಹೇಳಿದ.

ಗುರುವಾರ ದೋಣಿ ಕೆರೆಗಿಳಿಯಿತು. ಸಂದುಸಂದಿನಿಂದಲೂ ನೀರು ನುಗ್ಗಿ, ಅರ್ಧ ಗಂಟೆಯಲ್ಲಿ ಅಂಚಿನವರೆಗೆ ಮುಳುಗಿ ಕೂತಿತು. ಏರಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರ್ತಿ ಅಲ್ಲಿಂದಲೇ ಮರ ಕೊಯ್ಯುವ ಮಾದುವಿಗೆ ಫೋನು ಮಾಡಿದ.

ಕೋಮಲಳ ಮೈಯೆಲ್ಲ ಉರಿಯಿತು. ಆದರೂ ದೋಣಿಯನ್ನು ಮೇಲೆಳೆಯಲು ಬಂದವರನ್ನು ತಡೆದು, ಅದರೊಳಗೆ ಕಲ್ಲು ಹೇರಿ ಪೂರ್ತಿ ಮುಳುಗಿಸಿದಳು. ಬೇಸಿಗೆಯಲ್ಲಿ ಒಣಗಿ ಸಡಿಲವಾದ ಗಾಡಿಚಕ್ರವನ್ನು ಅಪ್ಪ ಕೆರೆಯಲ್ಲಿ ನೆನೆಹಾಕುತ್ತಿದ್ದರು. ಮರ ನೀರು ಕುಡಿದು ಉಬ್ಬಿದರೆ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಟ್ರ್ಯಾಕ್ಟರು ಬಂದ ಮೇಲೆ ಊರು ಇದನ್ನು ಮರೆತಿತ್ತು. ಆದರೆ ಮೂರು ದಿನ ಸಾಕೇ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಹೆದರಿಕೆಯಿತ್ತು, ತೋರಿಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಮಾದು ಗರಗಸದೊಂದಿಗೆ ಬಂದು ಏರಿಯ ಮೇಲೆ ಕೂತ. ಕೋಮಲ ಸೊಂಟದ ಮಟ್ಟ ನೀರಿನಲ್ಲಿ ನಿಂತು ಕಲ್ಲುಗಳನ್ನೆತ್ತಿ ಹಾಕಿದಳು, ಬಕೆಟ್ಟಿನಲ್ಲಿ ನೀರು ಮೊಗೆದಳು. ದೋಣಿ ಮೆಲ್ಲಗೆ ಎದ್ದಿತು. ತಳವನ್ನು ಅಂಗೈಯಿಂದ ಸವರಿ ಕಾದಳು. ಹೊಸ ನೀರು ಬರಲಿಲ್ಲ. ಅವಳಿಗೆ ಅಳು ಬಂತು, ಯಾರಿಗೂ ಕಾಣದಂತೆ ಮುಖ ತೊಳೆದುಕೊಂಡು ಹತ್ತಿ ಕೂತಳು.

ಹಾಯಿಗೆ ಬೆಟ್ಟದ ಕಡೆಯ ಗಾಳಿ ತುಂಬಿತು. ಗಾಳಿ ಹೋದತ್ತಲೇ ಹೋಗುತ್ತಾಳೆ, ಹಿಂದಕ್ಕೆ ಹೇಗೆ ಬರುತ್ತಾಳೆ ಎಂದು ಏರಿಯ ಮೇಲೆ ವಾದ ನಡೆದಿತ್ತು. ಅವಳು ಗಾಳಿಗೆ ಓರೆಯಾಗಿ ಅತ್ತಿತ್ತ ಹಾಯುತ್ತ ವಾಪಸು ಬಂದಳು. ಮೂರ್ತಿ ನೀರಿನಂಚಿಗೆ ಇಳಿದು ಬಂದ.

"ತೇಲ್ತು, ಒಪ್ಕಂಡೆ. ಒತ್ತಾಯ್ತು, ಇಳ್ದು ಬಾ. ಮನೇಲಿ ಒಲೆನೇ ಅಚ್ಚಿಲ್ಲ," ಎಂದ.

ಕೋಮಲ ಹಾಯಿಯ ಹಗ್ಗ ಸಡಿಲಿಸಲಿಲ್ಲ.

"ನೀವೇ ಅಚ್ಚಿ," ಎಂದಳು. "ಪಾಪ, ಮಾದು ಬೆಳಿಗ್ಗಿಂದ ಕಾಯ್ತಾ ಕುಂತವ್ನೆ. ಅವನಿಗೂ ಸೇರ್ಸಿ ಒಂದ್ ಮುದ್ದೆ ಜಾಸ್ತಿ ಕಟ್ಟಿ."

ಹಾಗೆಂದು ದೋಣಿಯನ್ನು ಮತ್ತೆ ಕೆರೆಯ ನಡುವಿಗೆ ತಿರುಗಿಸಿದಳು.