ಸೂರತ್ತಿನಲ್ಲಿ ಉಳಿದ ನಾಯಿ

ಸೂರತ್ತಿಗೆ ಪ್ಲೇಗ್ ಬಂದಿದೆಯೆಂಬ ಸುದ್ದಿ ಹಬ್ಬಿದ ಆ ತೊಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ ನಾರಾಯಣನ ಹೋಟೆಲಿನ ಕೆಲಸದವರೆಲ್ಲ ಹೇಳದೆ ಕೇಳದೆ ರೈಲು ಹತ್ತಿದರು. ರುಬ್ಬಿಟ್ಟ ದೋಸೆಹಿಟ್ಟು ಹುಳಿ ಬಂದು ಪಾತ್ರೆಯಿಂದಾಚೆ ಉಕ್ಕಿತು. ಅದನ್ನು ಚರಂಡಿಗೆ ಸುರಿದು, ಶಟರ್ ಎಳೆದು, ಅವನು ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತ. ಹೆಂಡತಿ ಪಾರ್ವತಿ ಅವನ ಅಣ್ಣನ ಮಗಳ ಮದುವೆಗೆಂದು ಮಕ್ಕಳನ್ನು ಕರೆದುಕೊಂಡು ಮೊದಲೇ ಕುಂದಾಪುರಕ್ಕೆ ಹೋಗಿದ್ದಳು. ತಾನೂ ಹೊರಡೋಣವೆಂದು ಊರಿಗೆ ಫೋನ್ ಮಾಡಿದರೆ ಅಣ್ಣ ಹೇಳಿದ:

“ಈಗ ಬಪ್ಪುದ್ ಬೇಡ ಮಾರಾಯಾ. ಮನೆಯಗೆ ಸಣ್ ಮಕ್ಕಳಿದ್ದೊ. ಸ್ವಲ್ಪ ದಿನ ಅಲ್ಲೇ ಇರ್.”

ಅಣ್ಣ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಫೋನ್ ಇಟ್ಟ ಮೇಲೆ ನಾರಾಯಣ ಬಹಳ ಹೊತ್ತು ಗೋಡೆ ನೋಡುತ್ತ ನಿಂತಿದ್ದ.

ಗಲ್ಲಿ ದಿನದಿನಕ್ಕೆ ಖಾಲಿಯಾಯಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಜನ ಟ್ರಂಕು, ಹಾಸಿಗೆ ಹೊತ್ತು ಸ್ಟೇಷನ್ನಿನ ಕಡೆ ಓಡಿದರು. ಹೊರಡುವ ಮುಂಚೆ ಗಲ್ಲಿಯ ಅಂಗಡಿಯವರು ಸೇರಿ ಮೂಲೆಮೂಲೆಗೆ ಇಲಿಪಾಷಾಣ ಇಟ್ಟರು. ಪಕ್ಕದ ಮನೆಯ ಕಿರೀಟಭಾಯ್, ಸೀರೆ ವ್ಯಾಪಾರಿ, ಎರಡು ದಿನದಲ್ಲಿ ಬರುತ್ತೇವೆಂದುಕೊಂಡೋ ಏನೋ, ನಾಯಿಯನ್ನು ಹಿತ್ತಿಲಲ್ಲಿ ಬಿಟ್ಟು, ಬಕೆಟ್ಟು ತುಂಬ ನೀರಿಟ್ಟು, ಗೇಟಿಗೆ ಬೀಗ ಹಾಕಿ ಹೋದ. ನೀರು ಮುಗಿದರೂ ಅವರು ಬರಲಿಲ್ಲ.

ನಾಯಿ ಅಳುವುದನ್ನು ಕೇಳಲಾರದೆ ನಾರಾಯಣ ಗೋಡೆಯ ಮೇಲಿಂದ ಅನ್ನ ಹಾಕತೊಡಗಿದ. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಬೆಳಗಿನಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಂತವನಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಊರಲ್ಲಿ ಕರೆಯುವ ಹಾಗೆ “ಹೋಯ್” ಎನ್ನುತ್ತಿದ್ದ. ಅದು ಬಾಲ ಅಲ್ಲಾಡಿಸುತ್ತಿತ್ತು. ಇಡೀ ದಿನದಲ್ಲಿ ಅವನ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ಒಂದು ಸಂಜೆ ಕರೆದರೆ ಅದು ಏಳಲಿಲ್ಲ. ನಾರಾಯಣ ಗೋಡೆ ಹತ್ತಿ ಇಳಿದ. ನಾಯಿಯ ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಪಕ್ಕದಲ್ಲಿ ಅರ್ಧ ತಿಂದ ಇಲಿ ಬಿದ್ದಿತ್ತು. ಆ ದಿನಗಳಲ್ಲಿ ರಕ್ತ ಕಂಡರೆ, ಸತ್ತ ಇಲಿ ಕಂಡರೆ ಯಾರಾದರೂ ಹಿಂದೆ ಸರಿಯಬೇಕು. ಅವನೂ ಸರಿದ. ಒಳಗೆ ಹೋಗಿ ಕೈ ತೊಳೆದುಕೊಂಡು ಬಾಗಿಲು ಹಾಕಿದ. ಕೂರಲಾಗಲಿಲ್ಲ. ಡೈರೆಕ್ಟರಿ ತೆಗೆದು ಪಶುವೈದ್ಯರ ನಂಬರುಗಳನ್ನು ಒಂದೊಂದಾಗಿ ತಿರುಗಿಸಿದ. ಎಲ್ಲ ಕಡೆ ಗಂಟೆ ಬಾರಿಸಿ ಬಾರಿಸಿ ನಿಂತಿತು. ಕಡೆಗೆ ಅಠವಾ ಲೈನ್ಸಿನ ಒಂದು ಕ್ಲಿನಿಕ್ಕಿನಲ್ಲಿ ಹೆಂಗಸೊಬ್ಬರು ಎತ್ತಿಕೊಂಡರು. ಡಾಕ್ಟರ್ ಊರ್ಮಿಳಾ ದೇಸಾಯಿ.

ಕ್ಲಿನಿಕ್ಕಿನ ಹೊತ್ತು ಮುಗಿದಿದೆ, ಆದರೂ ಬನ್ನಿ ಎಂದರು ಅವರು. ಒಸಡು ಬಿಳಿಚಿದೆಯೇ, ಉಸಿರು ಹೇಗಿದೆ ಎಂದು ಕೇಳಿದರು. ಹಾಲು ಕುಡಿಸಬೇಡಿ, ವಾಂತಿ ಮಾಡಿಸಲು ಹೋಗಬೇಡಿ, ಇಲಿಯನ್ನು ಕೈಯಲ್ಲಿ ಮುಟ್ಟಬೇಡಿ, ನಾಯಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಅಲುಗಾಡಿಸದೆ ತನ್ನಿ, ಪಾಷಾಣದ ಪೊಟ್ಟಣ ಸಿಕ್ಕಿದರೆ ಅದನ್ನೂ ತನ್ನಿ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು.

ಗಲ್ಲಿಯ ಮೂಲೆಯಲ್ಲಿ ಬಿದ್ದಿದ್ದ ಪಾಷಾಣದ ಪೊಟ್ಟಣ ಜೇಬಿಗೆ ಹಾಕಿ, ನಾಯಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಗೋಡೆ ದಾಟಿಸಿ ತಂದರೆ ಚೌಕದಲ್ಲಿ ಒಂದು ಆಟೋ ಇತ್ತು. ಬೆಡ್‌ಶೀಟಿನ ಮೇಲೆ ರಕ್ತದ ಕಲೆ ಕಂಡದ್ದೇ ಚಾಲಕ ಗಾಡಿ ಚಾಲೂ ಮಾಡಿಕೊಂಡು ಹೊರಟುಹೋದ. ನಾರಾಯಣ ತರಕಾರಿ ತರುವ ಸೈಕಲ್ಲಿನ ಬುಟ್ಟಿಯಲ್ಲಿ ನಾಯಿಯನ್ನು ಮಲಗಿಸಿ, ಹ್ಯಾಂಡಲ್ ಹಿಡಿದು ನಡೆದ. ದೀಪ ಹೊತ್ತಿದ ರಸ್ತೆಯಲ್ಲಿ ಬಾಗಿಲು ತೆರೆದಿದ್ದ ಒಂದು ಅಂಗಡಿಯೂ ಇರಲಿಲ್ಲ. ಉದ್ದಕ್ಕೂ ಅವನು ನಾಯಿಯೊಡನೆ ಮಾತಾಡುತ್ತ ಹೋದ. ಅಣ್ಣನ ಮಾತು, ಮದುವೆಮನೆಯ ಊಟ, ಬಾಯಿಗೆ ಬಂದದ್ದೆಲ್ಲ. ಕನ್ನಡ ಮಾತಾಡದೆ ಎಷ್ಟೋ ದಿನವಾಗಿತ್ತು.

ಡಾಕ್ಟರು ಗೇಟಿನಲ್ಲೇ ಟಾರ್ಚ್ ಹಿಡಿದು ನಿಂತಿದ್ದರು. ಅರವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಹೆಂಗಸು. ಜಗಲಿಯ ತುಂಬ ಪಂಜರಗಳು. ಗಿಳಿ, ಬೆಕ್ಕು, ಬಿಳಿಯ ಪೊಮೇರಿಯನ್. ಊರು ಬಿಟ್ಟವರು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಿಟ್ಟುಹೋದವು ಎಂದರು. ನಾಯಿಯ ತುಟಿ ಎತ್ತಿ ಒಸಡು ನೋಡಿ, ಪೊಟ್ಟಣದ ಮೇಲಿನ ಹೆಸರು ಓದಿದರು.

“ಇದು ಪ್ಲೇಗಲ್ಲ, ಪಾಷಾಣ. ರಕ್ತ ಹೆಪ್ಪುಗಟ್ಟುವುದನ್ನೇ ನಿಲ್ಲಿಸುತ್ತದೆ. ಚುಚ್ಚುಮದ್ದು ಇದೆ. ಆದರೆ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಗೊತ್ತಾಯಿತಾ?”

ನಾರಾಯಣ ತಲೆಯಾಡಿಸಿದ.

“ಕಂಪೌಂಡರ್ ಊರಿಗೆ ಹೋಗಿದ್ದಾನೆ. ನೀವೇ ಹಿಡಿದುಕೊಳ್ಳಬೇಕು.”

ಕಚ್ಚದಿರಲೆಂದು ಬ್ಯಾಂಡೇಜಿನ ಪಟ್ಟಿಯಿಂದ ಅದರ ಬಾಯಿ ಸಡಿಲವಾಗಿ ಕಟ್ಟಿದರು. ಕಬ್ಬಿಣದ ಮೇಜಿನ ಮೇಲೆ ಒಂದು ತೋಳು ಕುತ್ತಿಗೆಯ ಕೆಳಗೆ, ಇನ್ನೊಂದು ಬೆನ್ನಿನ ಮೇಲೆ ಇಡುವುದನ್ನು ತೋರಿಸಿಕೊಟ್ಟರು. ಸೂಜಿ ಚುಚ್ಚಿದ ಜಾಗದಿಂದಲೂ ರಕ್ತ ಒಸರಿತು. ಬೆರಳಿನಿಂದ ಒತ್ತಿಹಿಡಿಯಿರಿ, ನಾನು ಹೇಳುವವರೆಗೆ ತೆಗೆಯಬೇಡಿ ಎಂದರು. ಗ್ಲೂಕೋಸ್ ಹನಿಹನಿಯಾಗಿ ಇಳಿಯತೊಡಗಿತು. ನಾರಾಯಣ ಬಗ್ಗಿ ನಿಂತೇ ಇದ್ದ. ನಾಯಿಯ ಎದೆಬಡಿತ ಅವನ ಅಂಗೈಗೆ ತಾಗುತ್ತಿತ್ತು. ಊರೆಲ್ಲ ಒಬ್ಬರನ್ನೊಬ್ಬರು ಮುಟ್ಟಲು ಅಂಜುವ ಹೊತ್ತಿನಲ್ಲಿ ಬೆಚ್ಚಗಿನ ಒಂದು ಜೀವವನ್ನು ಅವಚಿ ನಿಂತವನಿಗೆ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಡಾಕ್ಟರು ಅದನ್ನು ನೋಡಿಯೂ ನೋಡದವರಂತೆ ನಾಯಿಯ ಹೆಸರು ಕೇಳಿದರು. ತನಗೆ ಗೊತ್ತಿಲ್ಲ, ಇದು ತನ್ನದಲ್ಲ ಎಂದ. ನಿಮ್ಮ ಮನೆಯವರೆಲ್ಲಿ ಎಂದರು. ಅಣ್ಣ ಬರಬೇಡ ಎಂದದ್ದನ್ನು ಅವನು ಮೊದಲ ಬಾರಿ ಮನುಷ್ಯರೆದುರು ಬಾಯಿಬಿಟ್ಟು ಹೇಳಿದ. ಅವರು ಗ್ಲೂಕೋಸಿನ ಬಾಟಲಿ ನೋಡುತ್ತ ಅಂದರು:

“ನನ್ನ ಮಗ ನಾಗಪುರದಲ್ಲಿದ್ದಾನೆ. ದಿನಾ ಫೋನ್ ಮಾಡಿ ಹುಷಾರು ಅನ್ನುತ್ತಾನೆ. ಬಾ ಅನ್ನುವುದಿಲ್ಲ. ನಾನೂ ಕೇಳುವುದಿಲ್ಲ, ನಾರಾಯಣಭಾಯ್.”

ನಾಯಿಯನ್ನು ಇಲ್ಲೇ ಬಿಟ್ಟು ಹೋಗಿ, ರಾತ್ರಿ ನಾನು ನೋಡಿಕೊಳ್ಳುತ್ತೇನೆ, ಏನಾದರೂ ಆದರೆ ಫೋನ್ ಮಾಡುತ್ತೇನೆ ಎಂದು ಕಳಿಸಿದರು. ಅವನು ಫೋನಿನ ಪಕ್ಕವೇ ಚಾಪೆ ಹಾಸಿ ಮಲಗಿದ. ಅದು ರಿಂಗಾಗಲಿಲ್ಲ. ಬೆಳಗಾದದ್ದೇ ಹೋಗಿ ನೋಡಿದರೆ ನಾಯಿ ತಲೆ ಎತ್ತಿತು.

ಮುಂದೆ ಅದಕ್ಕೆ ವಾರಗಟ್ಟಲೆ ಔಷಧಿ ಬೇಕಿತ್ತು. ನಾರಾಯಣ ಅದನ್ನು ತನ್ನ ಕೋಣೆಗೇ ತಂದಿಟ್ಟುಕೊಂಡ. ದಿನಾ ಸಂಜೆ ಸೈಕಲ್ಲಿನಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದು ಚುಚ್ಚಿಸುವನು. ಆಮೇಲೆ ಉಳಿದ ಪಂಜರಗಳನ್ನು ತೊಳೆದುಕೊಡುವನು. ಒಮ್ಮೆ ಉಪ್ಪಿಟ್ಟು ಮಾಡಿ ಒಯ್ದಿದ್ದ. ಇಬ್ಬರೂ ಜಗಲಿಯಲ್ಲಿ ಕೂತು ತಿಂದರು. ಮಧ್ಯಾಹ್ನವಾಗುತ್ತಲೇ ಅವನು ಸಂಜೆಯನ್ನು ಕಾಯುವಂತಾದ.

ಅಕ್ಟೋಬರಿನಲ್ಲಿ ಜನ ಮರಳತೊಡಗಿದರು. ಒಂದು ಬೆಳಿಗ್ಗೆ ಕಿರೀಟಭಾಯ್ ಬಂದು ಬಾಗಿಲು ತಟ್ಟಿದ. ಅವನ ಮಗಳು “ಬಾದಲ್” ಎಂದು ಕೂಗಿದ್ದೇ ತಡ, ನಾಯಿ ನಾರಾಯಣನ ಕಾಲಿನ ಸಂದಿಯಿಂದ ನುಗ್ಗಿ ಮೆಟ್ಟಿಲಿಳಿದು ಓಡಿತು. ಕಿರೀಟಭಾಯ್ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ, ಸೂರತ್ತಿನ ಸಿಹಿತಿಂಡಿ ಘಾರಿಯ ಡಬ್ಬಿ ಕೊಟ್ಟ. ಉಳಿದ ಔಷಧಿ ತಾನೇ ಕೊಡಿಸುವುದಾಗಿ ಹೇಳಿದ.

ಆ ಸಂಜೆ ನಾರಾಯಣ ಘಾರಿಯ ಡಬ್ಬಿ ಹಿಡಿದು ಒಬ್ಬನೇ ಕ್ಲಿನಿಕ್ಕಿಗೆ ಹೋದ. ಜಗಲಿಯಲ್ಲಿ ನೂಕುನುಗ್ಗಲು, ತಮ್ಮ ತಮ್ಮ ಗಿಳಿ, ಬೆಕ್ಕು ಕೇಳಿಕೊಂಡು ಜನ ಬಂದಿದ್ದರು. ಊರಿಂದ ವಾಪಸಾದ ಕಂಪೌಂಡರ್ ಬಾಗಿಲಲ್ಲಿ ತಡೆದು, ನಿಮ್ಮ ಪ್ರಾಣಿ ಎಲ್ಲಿ ಎಂದು ಕೇಳಿದ. ಇಲ್ಲ ಎಂದ ನಾರಾಯಣ. ಹಾಗಾದರೆ ಪಕ್ಕಕ್ಕೆ ನಿಲ್ಲಿ ಎಂದನವನು. ಒಳಗೆ ಊರ್ಮಿಳಾಬೆನ್ ಯಾರದೋ ನಾಯಿಯ ಕಿವಿ ನೋಡುತ್ತಿದ್ದರು. ತಲೆ ಎತ್ತಿ ಅವನನ್ನು ಕಂಡು ನಕ್ಕರು, ಕೂರಿ ಎಂದು ಕೈಸನ್ನೆ ಮಾಡಿದರು. ಕೂರಲು ಜಾಗವಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಹೊರಟುಬಂದ.

ರಾತ್ರಿ ಪಾರ್ವತಿ ಫೋನ್ ಮಾಡಿದಳು. ಟಿಕೆಟ್ ಸಿಕ್ಕಿದೆ, ಮುಂದಿನ ವಾರ ಹೊರಡುತ್ತೇವೆ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಒಬ್ರೇ ಇದ್ದು ಬೇಜಾರಾಯ್ತಾ?”

ಹೇಳಬೇಕೆಂದರೆ ಎಷ್ಟೋ ಇತ್ತು.

“ಇಲ್ಲ,” ಎಂದ ನಾರಾಯಣ. “ಕೆಲ್ಸ ಇತ್ತ್.”